ನಕ್ಷತ್ರಲೋಕದ ಬಣ್ಣದ ಮನೆ

ಕಾಫಿ ಬೆಳೆಯುವ ಜಿಲ್ಲೆಯವರಾದ ನಮಗೆ ‘ಕಾಫಿ ಮೇಜಿನ ಪುಸ್ತಕ’ ಎಂಬ ಮಾತನ್ನು ಕೇಳಿದಾಗ ತುಸು ನಗು ಬಾರದೆ ಇರದು. ಬಾಬಾ ಬುಡನ್ ಎಂಬ ಸಂತರು ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ನಮ್ಮ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ತರೀಕೆರೆಯ ಮನೆಗಳಲ್ಲಿ ಕಾಫಿ ಎಂದರೆ ಲೋಟ, ಬಟ್ಟಲು, ಜಗಲಿ ಮತ್ತು ಮಾತು. ಅದಕ್ಕೆಂದೇ ಒಂದು ಗಿಡ್ಡ ಮೇಜು, ಆ ಮೇಜಿನ ಮೇಲೆ ಎತ್ತಿದರೆ ಕೈ ನೋಯುವಷ್ಟು ಭಾರದ ಚಿತ್ರಪುಸ್ತಕ, ಅದನ್ನು ಓದದೆ ಸುಮ್ಮನೆ ಪುಟ ಮಗುಚುವ ಅತಿಥಿ, ಇವೆಲ್ಲ ಪಶ್ಚಿಮದವರ ಕಲ್ಪನೆ. ಅಮೆರಿಕದಲ್ಲಿ ಸಿಯೆರಾ ಕ್ಲಬ್ಬೆಂಬ ಪ್ರಕೃತಿಪ್ರೇಮಿಗಳ ಸಂಘವು ೧೯೬೦ರಲ್ಲಿ ಆನ್ಸೆಲ್ ಆಡಮ್ಸರ ಛಾಯಾಚಿತ್ರಗಳ ದೊಡ್ಡ ಪುಸ್ತಕವೊಂದನ್ನು ಹೊರತಂದ ಮೇಲೆ ಈ ಜಾತಿಯ ಗ್ರಂಥಗಳಿಗೆ ಒಳ್ಳೆಯ ಕಾಲ ಬಂದಿತು. ಬೆಟ್ಟ, ಹೂವು, ಅರಮನೆ, ಅಡಿಗೆ ಎಲ್ಲವೂ ಮೇಜನ್ನೇರಿದವು.

ಈ ಜಾತಿಯಲ್ಲಿ ಒಂದು ಉಪಜಾತಿಯಿದೆ. ನಾನು ಈಗ ಹೇಳಹೊರಟದ್ದು ಅದರ ಚರಿತ್ರೆಯನ್ನು. ಟೆಲಿವಿಷನ್ನಿನಲ್ಲಿ ಬಂದ ವಿಜ್ಞಾನಕಥೆಗಳ ಧಾರಾವಾಹಿಗಳನ್ನು ತಯಾರಿಸಿದ ಬಗೆ ಹೇಗೆ, ಆಕಾಶದ ಹಡಗನ್ನು ಯಾವ ಬಡಗಿ ಕೆತ್ತಿದ, ಅನ್ಯಗ್ರಹದ ರಾಕ್ಷಸನ ಚರ್ಮವನ್ನು ಯಾರು ಹೊಲಿದರು, ಮಿಂಚಿನಂತೆ ಮಾಯವಾಗುವ ಮನುಷ್ಯ ನಿಜವಾಗಿ ಎಲ್ಲಿಗೆ ಹೋದ ಎಂಬುದನ್ನು ತಿಳಿಸುವ ಪುಸ್ತಕಗಳಿವು. ಇಂಥವನ್ನು ಕೂಡಿಡುವ ಹವ್ಯಾಸ ನನಗೆ ಬಹುಕಾಲದಿಂದ ಅಂಟಿದೆ. ‘ಇಷ್ಟು ವಯಸ್ಸಾದ ಮೇಲೂ ಮಕ್ಕಳ ಪುಸ್ತಕವೆ?’ ಎಂದು ಮನೆಗೆ ಬಂದವರು ಕೇಳುವುದುಂಟು. ಮಕ್ಕಳಾಟವೆಂದು ತೋರುವ ಈ ಪುಸ್ತಕಗಳ ಸಾಲಿನಲ್ಲಿ ಒಂದು ದೊಡ್ಡ ನ್ಯಾಯದ ಪ್ರಶ್ನೆ ಅಡಗಿದೆ. ಕೆಲಸ ಮಾಡಿದವರು ಯಾರು, ಹೆಸರು ಪಡೆದವರು ಯಾರು ಎಂಬುದೇ ಆ ಪ್ರಶ್ನೆ.

ನೇಪಥ್ಯವನ್ನು ಇಣುಕಿ ನೋಡುವ ಆಸೆ ನಮಗೆ ಹೊಸದಲ್ಲ. ಯಕ್ಷಗಾನದ ಮೇಳ ಊರಿಗೆ ಬಂದಾಗ ರಂಗಸ್ಥಳದ ಮುಂದೆ ಕುಳಿತವರಿಗಿಂತ ಚೌಕಿಯ ತಟ್ಟಿಯ ಸಂದಿನಲ್ಲಿ ಕಣ್ಣಿಟ್ಟ ಹುಡುಗರೇ ಹೆಚ್ಚು ಎಂದರೂ ಸಲ್ಲುತ್ತದೆ. ರಂಗದ ಮೇಲೆ ರಾವಣ ಅಬ್ಬರಿಸುವುದು ಒಂದು ಸೊಗಸಾದರೆ, ಅವನೇ ಚೌಕಿಯಲ್ಲಿ ಕನ್ನಡಿ ಹಿಡಿದು ಅರ್ಧ ಮುಖಕ್ಕೆ ಬಣ್ಣ ಬಳಿದು, ಇನ್ನರ್ಧ ಮುಖದಲ್ಲಿ ಬೀಡಿ ಸೇದುವುದು ಇನ್ನೊಂದು ಸೊಗಸು. ಆ ಎರಡನೆಯದನ್ನು ಕಂಡದ್ದರಿಂದ ಮೊದಲನೆಯದರ ರುಚಿ ಕೆಟ್ಟಿತೆಂದು ಹೇಳಿದ ಹುಡುಗನನ್ನು ನಾನು ಕಾಣೆ.

ಈಗ ಚರಿತ್ರೆಗೆ ಬರೋಣ.

ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಮೊದಲಾದದ್ದು ೧೯೬೬ರ ಸೆಪ್ಟೆಂಬರ್ ೮ರಂದು. ಜೀನ್ ರಾಡನ್‌ಬೆರಿ ಎಂಬಾತ ಅದರ ಕರ್ತೃ. ಮುಂದಿನ ಶತಮಾನಗಳಲ್ಲಿ ಮನುಷ್ಯರು ‘ಎಂಟರ್‌ಪ್ರೈಸ್’ ಎಂಬ ಹಡಗಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುವ ಕಥೆ ಅದು. ೭೯ ಕಂತುಗಳಾಗಿ ೧೯೬೯ರ ಜೂನ್ ತಿಂಗಳಲ್ಲಿ ಮುಗಿಯಿತು. ಆಗಿನ್ನೂ ನಮ್ಮ ದೇಶದಲ್ಲಿ ಟೆಲಿವಿಷನ್ ಎಂಬುದು ದಿಲ್ಲಿಯ ಕೆಲವರಿಗೆ ಮಾತ್ರ ಗೊತ್ತಿದ್ದ ಪದಾರ್ಥ; ಅಲ್ಲಿ ಅದು ೧೯೫೯ರಲ್ಲಿ ಆರಂಭವಾಗಿತ್ತು, ಮುಂಬಯಿಗೆ ಬಂದದ್ದು ೧೯೭೨ರಲ್ಲಿ, ನಮ್ಮ ಬೆಂಗಳೂರಿಗೆ ೧೯೮೧ರ ರಾಜ್ಯೋತ್ಸವದ ದಿನ.

ಆ ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, ೧೯೬೮ರಲ್ಲಿ, ಬ್ಯಾಲಂಟೈನ್ ಪ್ರಕಾಶನದವರು ‘ದಿ ಮೇಕಿಂಗ್ ಆಫ್ ಸ್ಟಾರ್ ಟ್ರೆಕ್’ ಎಂಬ ಪುಸ್ತಕವನ್ನು ಹೊರತಂದರು. ಬರೆದವನ ಹೆಸರು ಸ್ಟೀಫನ್ ವಿಟ್‌ಫೀಲ್ಡ್. ಜೊತೆಗೆ ರಾಡನ್‌ಬೆರಿಯ ಹೆಸರೂ ಉಂಟು. ಈ ವಿಟ್‌ಫೀಲ್ಡ್ ಸಾಹಿತಿಯಲ್ಲ. ಮಕ್ಕಳು ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ಕಿನ ಮಾದರಿಗಳನ್ನು ಮಾಡುವ ಎ.ಎಂ.ಟಿ. ಎಂಬ ಕಂಪನಿಯ ಜಾಹೀರಾತಿನ ಕೆಲಸ ನೋಡಿಕೊಳ್ಳುತ್ತಿದ್ದವನು. ಎಂಟರ್‌ಪ್ರೈಸ್ ಹಡಗಿನ ಆಟಿಕೆಯ ವ್ಯವಹಾರಕ್ಕೆಂದು ಸ್ಟುಡಿಯೋವಿಗೆ ಹೋದವನು ಅಲ್ಲಿಯ ಗದ್ದಲಕ್ಕೆ ಮರುಳಾದ. ಸೆಟ್ಟಿನಲ್ಲಿ ಓಡಾಡಿ, ಕಡತಗಳನ್ನು ಬಿಚ್ಚಿ, ಎಲ್ಲರನ್ನೂ ಮಾತಿಗೆಳೆದು ೪೦೦ಕ್ಕೂ ಮಿಕ್ಕ ಪುಟ ಬರೆದ. ಕೈಯಲ್ಲಿ ಹಿಡಿಯುವ ಅಗ್ಗದ ಪುಸ್ತಕ, ಒಳಗೆ ಕೆಲವು ಕಪ್ಪುಬಿಳುಪಿನ ಚಿತ್ರಗಳು, ಅಷ್ಟೆ. ಮೇಜಿನ ಮೇಲೆ ಅಲಂಕಾರಕ್ಕಿಡುವ ಯೋಗ್ಯತೆ ಅದಕ್ಕಿಲ್ಲ. ಆದರೆ ಮುಂದೆ ಬಂದ ದಪ್ಪ ದಪ್ಪ ಗ್ರಂಥಗಳಿಗೆಲ್ಲ ಮೂಲಪುರುಷ ಅದೇ. ನಡೆಯುತ್ತಿರುವ ಒಂದು ಧಾರಾವಾಹಿಯ ಒಳಗುಟ್ಟನ್ನು ಇಷ್ಟು ವಿವರವಾಗಿ ತೆರೆದಿಟ್ಟ ಪುಸ್ತಕ ಅಪರೂಪವಾಗಿದ್ದ ಕಾಲವದು. ಅಚ್ಚಿನ ಮೇಲೆ ಅಚ್ಚು ಕಂಡಿತು.

ಅದರಲ್ಲಿ ಏನಿತ್ತು? ಪವಾಡವಿರಲಿಲ್ಲ, ಜಮಾಖರ್ಚಿತ್ತು. ಸ್ಟುಡಿಯೋದವರು ಒಬ್ಬರಿಗೊಬ್ಬರು ಬರೆದ ಚೀಟಿಗಳು, ದುಡ್ಡು ಸಾಲದೆಂಬ ಗೋಳು, ಮೊದಲ ಮಾದರಿ ಕಂತನ್ನು ಎನ್.ಬಿ.ಸಿ. ಸಂಸ್ಥೆ ಒಲ್ಲೆನೆಂದು ಇನ್ನೊಂದನ್ನು ಮಾಡಿಸಿದ ವೃತ್ತಾಂತ, ಇವೇ ಅದರ ಜೀವಾಳ. ನೋಡುವವರು ಅದ್ಭುತವೆಂದು ಬಾಯಿ ತೆರೆದ ಎಷ್ಟೋ ಸಂಗತಿಗಳ ಬೇರು ಬಡತನದಲ್ಲಿತ್ತು. ಹಡಗಿನಲ್ಲಿ ನಿಂತ ನಾಯಕ ಹೊಳೆಹೊಳೆದು ಮಾಯವಾಗಿ ಗ್ರಹದ ನೆಲದಲ್ಲಿ ಪ್ರತ್ಯಕ್ಷನಾಗುತ್ತಾನಲ್ಲ, ಆ ಯಂತ್ರವನ್ನು ಕಲ್ಪಿಸಿದ್ದೇಕೆ ಗೊತ್ತೆ? ಅಷ್ಟು ದೊಡ್ಡ ಹಡಗನ್ನು ಪ್ರತಿ ವಾರ ಒಂದೊಂದು ಗ್ರಹದಲ್ಲಿ ಇಳಿಸಿ ತೋರಿಸುವುದಕ್ಕೆ ಹಣವಿರಲಿಲ್ಲ. ಆ ಹೊಳಪಾದರೂ ಏನು? ದೀಪದ ಬೆಳಕಿನಲ್ಲಿ ಉದುರಿಸಿದ ಅಲ್ಯುಮಿನಿಯಂ ಪುಡಿ!

ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. ಮೊದಲು ಪ್ರಸಾರವಾದ ಕಂತಿನಲ್ಲಿ ಉಪ್ಪನ್ನು ಹೀರುವ ಪ್ರಾಣಿಯೊಂದು ಬರುತ್ತದೆ. ಅದಕ್ಕಾಗಿ ಉಪ್ಪಿನ ಡಬ್ಬಿಗಳು ಬೇಕು. ಮುಂದಿನ ಶತಮಾನದ ಉಪ್ಪಿನ ಡಬ್ಬಿ ಚೆಲುವಾಗಿಯೇ ಇರಬೇಕೆಂದು ಸಾಮಾನು ಒದಗಿಸುವವರು ವಿಚಿತ್ರಾಕಾರದ ಡಬ್ಬಿಗಳನ್ನು ಕೊಂಡು ತಂದರು. ಆಮೇಲೆ ನೋಡಿದರೆ, ಅವು ಉಪ್ಪಿನ ಡಬ್ಬಿಗಳೆಂದು ಪ್ರೇಕ್ಷಕರಿಗೆ ಗೊತ್ತಾಗುವುದೇ ಇಲ್ಲ. ಸರಿ, ಸಾಮಾನ್ಯ ಡಬ್ಬಿಯನ್ನೇ ಬಳಸಿದರು. ಕೊಂಡ ಮಾಲನ್ನು ಬಿಸಾಡುವುದೆ? ಅವು ಹಡಗಿನ ವೈದ್ಯರ ಶಸ್ತ್ರಚಿಕಿತ್ಸೆಯ ಸಲಕರಣೆಗಳಾದವು. ಮೂರು ವರ್ಷ ಆ ವೈದ್ಯರು ಉಪ್ಪಿನ ಡಬ್ಬಿಯನ್ನು ಹಿಡಿದು ಪ್ರಾಣದಾನ ಮಾಡಿದರು. ಹಳೆಯ ಸೀರೆಯನ್ನು ಕೌದಿ ಮಾಡುವ ನಮ್ಮ ತಾಯಂದಿರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ ಬಿ.ಬಿ.ಸಿ.ಯವರು ಇದಕ್ಕಿಂತ ಮೊದಲೇ, ೧೯೬೩ರ ನವೆಂಬರ್ ೨೩ರಂದು, ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯನ್ನು ಆರಂಭಿಸಿದ್ದರು. ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ ಅನ್ಯಲೋಕದ ಮುದುಕನೊಬ್ಬನ ಕಥೆ. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನರು ಲಖನೌದಲ್ಲಿ ಹುಟ್ಟಿದವರೆಂಬುದು ನಾವು ನೆನೆಯತಕ್ಕ ಮಾತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಗಂಡಸರೇ ತುಂಬಿದ್ದ ಆ ಇಲಾಖೆಯಲ್ಲಿ ತೀರ ಎಳೆಯ ಹೆಂಗಸು. ಬಡತನ ಇಲ್ಲಿಯೂ ಉಂಟು. ಮುದುಕನ ಕಾಲಯಂತ್ರ ಹೋದ ಹೋದ ಕಡೆ ಅಲ್ಲಿಗೆ ತಕ್ಕ ರೂಪ ತಾಳಬೇಕೆಂದು ಕಲ್ಪನೆ. ವಾರವಾರವೂ ಹೊಸ ರೂಪ ಕಟ್ಟುವ ಖರ್ಚನ್ನು ತಾಳುವವರಾರು? ‘ಯಂತ್ರ ಕೆಟ್ಟಿದೆ, ರೂಪ ಬದಲಾಗುವುದಿಲ್ಲ’ ಎಂದು ಕಥೆಯಲ್ಲಿಯೇ ಹೇಳಿಸಿ, ಲಂಡನ್ನಿನ ಬೀದಿಯ ಪೋಲೀಸ್ ಪೆಟ್ಟಿಗೆಯ ರೂಪದಲ್ಲಿಯೇ ಅದನ್ನು ನಿಲ್ಲಿಸಿಬಿಟ್ಟರು. ಆ ಯಂತ್ರ ಹೊರಡುವಾಗ ಕೇಳಿಸುವ ಗರಗಸದಂಥ ದನಿಯನ್ನು ಬ್ರಯನ್ ಹಾಡ್‌ಸನ್ ಎಂಬಾತ ಹಳೆಯ ಪಿಯಾನೋವಿನ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಎಳೆದು ಹುಟ್ಟಿಸಿದ.

೧೯೭೨ರಲ್ಲಿ ಮಾಲ್ಕಮ್ ಹಲ್ಕ್ ಮತ್ತು ಟೆರೆನ್ಸ್ ಡಿಕ್ಸ್ ಎಂಬ ಇಬ್ಬರು ಲೇಖಕರು ಮಕ್ಕಳಿಗಾಗಿ ‘ದಿ ಮೇಕಿಂಗ್ ಆಫ್ ಡಾಕ್ಟರ್ ಹೂ’ ಎಂಬ ತೆಳುಪುಸ್ತಕ ಬರೆದರು. ಒಂದು ಕಥೆಯನ್ನು ಚಿತ್ರೀಕರಿಸಿದ ಬಗೆ, ಅಲ್ಲಿಯವರೆಗೆ ಬಂದ ಕಥೆಗಳ ಪಟ್ಟಿ, ಹೀಗೆ ಸಾಧಾರಣವಾದ ವಿಷಯಗಳು. ಆದರೆ ಆ ಪಟ್ಟಿಗೆ ಮುಂದೆ ಬಂದ ಬೆಲೆಯನ್ನು ಬರೆದವರೂ ಊಹಿಸಿರಲಾರರು. ಏಕೆಂದರೆ ಅದೇ ವರ್ಷಗಳಲ್ಲಿ ಬಿ.ಬಿ.ಸಿ.ಯವರು ಹಳೆಯ ಕಂತುಗಳನ್ನು ಅಳಿಸಿಹಾಕುತ್ತಿದ್ದರು. ವಿಡಿಯೋ ಟೇಪು ಬಹಳ ದುಬಾರಿ, ಒಂದನ್ನು ಅಳಿಸಿದರೆ ಇನ್ನೊಂದನ್ನು ಅದರಲ್ಲೇ ತುಂಬಬಹುದು. ಮರುಪ್ರಸಾರಕ್ಕೆ ಕಲಾವಿದರ ಒಪ್ಪಂದಗಳ ಅಡ್ಡಿ. ಮುಂದೊಂದು ದಿನ ಜನ ಇವನ್ನು ಮನೆಗೆ ಕೊಂಡೊಯ್ದು ನೋಡುತ್ತಾರೆಂಬ ಯೋಚನೆ ಯಾರಿಗೂ ಹೊಳೆದಿರಲಿಲ್ಲ. ೧೯೭೮ರಲ್ಲಿ ಈ ಕಾರ್ಯ ನಿಲ್ಲುವ ಹೊತ್ತಿಗೆ ಮೊದಲ ಆರು ವರ್ಷಗಳ ೨೫೩ ಕಂತುಗಳಲ್ಲಿ ಬಹುಭಾಗ ನಾಶವಾಗಿತ್ತು. ಹೊರದೇಶಗಳಿಗೆ ಮಾರಿದ್ದ ಪ್ರತಿಗಳನ್ನು ಹುಡುಕಿ ಹುಡುಕಿ ತಂದರು. ೨೦೧೩ರಲ್ಲಿ ನೈಜೀರಿಯದಲ್ಲಿ ಒಂಬತ್ತು ಕಂತುಗಳು ಸಿಕ್ಕವೆಂದು ಪ್ರಕಟವಾದಾಗ ಅಲ್ಲಿಯವರು ನಿಧಿ ಸಿಕ್ಕಿದಂತೆ ಹಿಗ್ಗಿದರು. ಆ ಮೇಲೂ ತೊಂಬತ್ತಕ್ಕಿಂತ ಹೆಚ್ಚು ಕಂತುಗಳು ಸಿಗದೆ ಉಳಿದವು.

ಉಳಿಸಿದವರು ಯಾರು ನೋಡಿ. ಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಟೇಪ್ ರಿಕಾರ್ಡರು ಇಟ್ಟ ಹುಡುಗರು. ಕಳೆದುಹೋದ ಕಂತುಗಳೆಲ್ಲದರ ದನಿ ಉಳಿದಿರುವುದು ಅವರಿಂದ. ಇನ್ನು ಜಾನ್ ಕ್ಯೂರಾ ಎಂಬೊಬ್ಬ ಛಾಯಾಗ್ರಾಹಕ. ೧೯೪೭ರಿಂದ ಸುಮಾರು ಇಪ್ಪತ್ತು ವರ್ಷ, ಟೆಲಿವಿಷನ್ ಪರದೆಯ ಮೇಲೆ ಮೂಡಿದ್ದನ್ನು ಚಿಕ್ಕ ಚಿಕ್ಕ ಚಿತ್ರಗಳಾಗಿ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರಿ ಹೊಟ್ಟೆ ಹೊರೆದವನು. ಅವನದು ಶುದ್ಧ ಜೀವನೋಪಾಯ. ಆದರೆ ಅಳಿದುಹೋದ ಎಷ್ಟೋ ಕಂತುಗಳಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ಅವನ ಚಿತ್ರಗಳೇ. ಆ ಮೇಲೆ ಬಂದ ದೊಡ್ಡ ದೊಡ್ಡ ಸಚಿತ್ರ ಗ್ರಂಥಗಳು ಅವನ ಋಣದಲ್ಲಿವೆ. ಪೀಟರ್ ಹೇನಿಂಗನ ‘ಎ ಸೆಲೆಬ್ರೇಷನ್’ ಎಂಬ ಭಾರಿ ಪುಸ್ತಕ ಧಾರಾವಾಹಿಗೆ ೨೦ ವರ್ಷ ತುಂಬಿದ ೧೯೮೩ರಲ್ಲಿ ಬಂದಿತು. ೧೯೯೨ರಲ್ಲಿ ಹೋವ್, ಸ್ಟ್ಯಾಮರ್ಸ್, ವಾಕರ್ ಎಂಬ ಮೂವರು ಅಭಿಮಾನಿಗಳು ೧೯೬೦ರ ದಶಕದ ಕಂತುಗಳ ಮೇಲೆ ಬರೆದ ದೊಡ್ಡ ಆಕಾರದ ಪುಸ್ತಕ ಪ್ರಕಟವಾಯಿತು. ಮೇಜಿನ ಮೇಲಿಡಲು ತಕ್ಕ ಗಾತ್ರ, ಆದರೆ ಒಳಗೆ ಶಾಸನಗಳನ್ನು ಓದುವವನ ತಾಳ್ಮೆ.

ಹೆಸರಿನ ಪ್ರಶ್ನೆಯೆಂದೆನಲ್ಲ, ಅದಕ್ಕೆ ಮೂರು ದೃಷ್ಟಾಂತ ಕೊಡುತ್ತೇನೆ.

‘ಡಾಕ್ಟರ್ ಹೂ’ ಆರಂಭದ ಸಂಗೀತವನ್ನು ಬರೆದವನು ರಾನ್ ಗ್ರೇನರ್. ಆ ಬರಹಕ್ಕೆ ದನಿ ಕೊಟ್ಟವಳು ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರದ ಡೀಲಿಯಾ ಡರ್ಬಿಶೈರ್. ವಾದ್ಯಗಾರರಿಲ್ಲ, ಯಂತ್ರಗಳಿಂದ ಹುಟ್ಟಿಸಿದ ಒಂದೊಂದು ಸ್ವರವನ್ನೂ ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ಆಕೆ ಅದನ್ನು ಕಟ್ಟಿದಳು. ಗ್ರೇನರ್ ಸಜ್ಜನ, ಆಕೆಯ ಹೆಸರೂ ಜೊತೆಗಿರಲೆಂದ. ನೌಕರರ ಹೆಸರು ಹಾಕುವ ಪದ್ಧತಿಯಿಲ್ಲವೆಂದು ಸಂಸ್ಥೆ ಒಪ್ಪಲಿಲ್ಲ. ಆಕೆ ೨೦೦೧ರಲ್ಲಿ ತೀರಿಕೊಂಡಳು. ತೆರೆಯ ಮೇಲೆ ಆ ಸಂಗೀತಕ್ಕೆ ಆಕೆಯ ಹೆಸರು ಮೂಡಿದ್ದು ೨೦೧೩ರಲ್ಲಿ, ಧಾರಾವಾಹಿಯ ೫೦ನೆಯ ವರ್ಷದ ವಿಶೇಷ ಕಂತಿನಲ್ಲಿ.

ಅದೇ ಧಾರಾವಾಹಿಯ ‘ಡಾಲೆಕ್’ ಎಂಬ ಲೋಹದ ರಾಕ್ಷಸರನ್ನು ಕಥೆಯಲ್ಲಿ ತಂದವನು ಟೆರಿ ನೇಷನ್. ಅವು ಹೇಗೆ ಕಾಣಬೇಕೆಂದು ಬರೆದು ತೋರಿಸಿದವನು ರೇಮಂಡ್ ಕ್ಯೂಸಿಕ್ ಎಂಬ ಸಂಬಳದ ವಿನ್ಯಾಸಕಾರ. ಡಾಲೆಕ್ಕಿನ ಆಟಿಕೆಗಳು ಇಂಗ್ಲೆಂಡಿನ ಅಂಗಡಿಗಳನ್ನೆಲ್ಲ ತುಂಬಿದುವು. ಲೇಖಕ ಶ್ರೀಮಂತನಾದ. ವಿನ್ಯಾಸಕಾರನಿಗೆ ಸಂಬಳದ ಮೇಲೆ ದೊರೆತದ್ದು ೧೦೦ ಪೌಂಡುಗಳ ಬಹುಮಾನ.

ಮೂರನೆಯದು ಅಮೆರಿಕದ್ದು. ‘ಸ್ಟಾರ್ ಟ್ರೆಕ್’ನಲ್ಲಿ ನಾಯಕ ಮುಚ್ಚಳ ತೆರೆದು ಮಾತನಾಡುವ ಕೈಯಂತ್ರವನ್ನೂ, ಉಪ್ಪು ಹೀರುವ ಆ ಪ್ರಾಣಿಯ ವೇಷವನ್ನೂ ಮಾಡಿದವನು ವಾ ಚಾಂಗ್ ಎಂಬ ಚೀನೀ ಮೂಲದ ಶಿಲ್ಪಿ. ಕಾರ್ಮಿಕ ಸಂಘದ ಸದಸ್ಯನಲ್ಲವೆಂಬ ಕಾರಣದಿಂದ ತಗಾದೆ ಎದ್ದಿತು. ಮೊದಲೇ ಮಾಡಿಟ್ಟಿದ್ದನ್ನು ಅಂಗಡಿಯಿಂದ ಕೊಂಡಂತೆ ಅವನಿಂದ ಸಾಮಾನು ಕೊಳ್ಳುವ ಉಪಾಯ ಹುಡುಕಿದರು. ತೆರೆಯ ಮೇಲೆ ಹೆಸರಿಲ್ಲ. ಮುಂದೆ ಕೋಟ್ಯಂತರ ಜನ ಕೈಯಲ್ಲಿ ಹಿಡಿದ ಮಡಿಸುವ ಫೋನಿಗೂ ಅವನು ಕೆತ್ತಿದ ಆ ಆಟಿಕೆಗೂ ಇರುವ ಹೋಲಿಕೆಯನ್ನು ಕಂಡವರು ಅವನ ಹೆಸರನ್ನು ಕೇಳಿದವರಲ್ಲ.

ಈ ಮೂವರ ಹೆಸರು ಇಂದು ನನ್ನಂಥ ದೂರದ ಊರಿನವನಿಗೂ ಗೊತ್ತಿರುವುದು ಹೇಗೆ? ತೆರೆಯ ಹಿಂದಿನ ಕಥೆಯನ್ನು ಕೆದಕಿ ಬರೆದವರಿಂದ.

ಹಾಗೆಂದು ಈ ಪುಸ್ತಕಗಳೆಲ್ಲ ಸತ್ಯಹರಿಶ್ಚಂದ್ರನ ವಂಶದವೆಂದು ತಿಳಿಯಬಾರದು. ಸಂಸ್ಥೆಯೇ ಅಪ್ಪಣೆ ಕೊಟ್ಟು ಬರೆಸಿದ ಪುಸ್ತಕದಲ್ಲಿ ಎಲ್ಲರೂ ಎಲ್ಲರನ್ನೂ ಪ್ರೀತಿಸುತ್ತಾರೆ, ಯಾರೂ ಯಾರ ಮೇಲೂ ಕೂಗಾಡುವುದಿಲ್ಲ, ಯಜಮಾನ ಸರ್ವಜ್ಞ. ೧೯೬೮ರ ಪುಸ್ತಕದಲ್ಲಿಯೂ ಈ ದೋಷ ಕೊಂಚ ಉಂಟು; ರಾಡನ್‌ಬೆರಿಯೇ ಹಂಚಿಕೊಂಡ ಪುಸ್ತಕದಲ್ಲಿ ರಾಡನ್‌ಬೆರಿ ದೊಡ್ಡವನಾಗಿ ಕಾಣುವುದು ಸಹಜ. ೨೮ ವರ್ಷಗಳ ಮೇಲೆ, ೧೯೯೬ರಲ್ಲಿ, ಆ ಧಾರಾವಾಹಿಯ ಕೆಲಸದಲ್ಲಿ ಹೆಗಲು ಕೊಟ್ಟಿದ್ದ ಹರ್ಬರ್ಟ್ ಸೋಲೊ, ರಾಬರ್ಟ್ ಜಸ್ಟ್‌ಮನ್ ಎಂಬ ಇಬ್ಬರು ‘ಇನ್‌ಸೈಡ್ ಸ್ಟಾರ್ ಟ್ರೆಕ್’ ಎಂಬ ಪುಸ್ತಕ ಬರೆದು ಲೆಕ್ಕವನ್ನು ಸರಿಪಡಿಸಿದರು. ಒಬ್ಬನ ತಲೆಯಿಂದ ಎಲ್ಲವೂ ಹುಟ್ಟಿತೆಂಬ ಕಥೆಯನ್ನು ಪಕ್ಕಕ್ಕಿಟ್ಟು, ೧೯೭೩ರಲ್ಲೇ ತೀರಿಕೊಂಡಿದ್ದ ಜೀನ್ ಕೂನ್ ಎಂಬ ಲೇಖಕ-ನಿರ್ಮಾಪಕನ ಪಾಲನ್ನೂ ಬೇರೆ ಹಲವರ ಪಾಲನ್ನೂ ತೋರಿಸಿದರು. ಅಷ್ಟರಲ್ಲಿ, ೧೯೯೫ರಲ್ಲಿ, ‘ದಿ ಆರ್ಟ್ ಆಫ್ ಸ್ಟಾರ್ ಟ್ರೆಕ್’ ಎಂಬ ಮಿರುಗು ಕಾಗದದ ಬಣ್ಣದ ಗ್ರಂಥವೂ ಬಂದಿತ್ತು. ಒಂದು ಕಣ್ಣಿಗೆ, ಒಂದು ವಿವೇಕಕ್ಕೆ. ಮೇಜಿನ ಮೇಲೆ ಎರಡೂ ಇರಲಿ ಎಂಬುದು ನನ್ನ ಮತ.

ಈ ಸಾಲಿನ ಮೊದಲಿಗ ವಿಟ್‌ಫೀಲ್ಡನ ಕಥೆಯೂ ಹೆಸರಿನದೇ. ಅವನ ನಿಜನಾಮ ಸ್ಟೀಫನ್ ಎಡ್ವರ್ಡ್ ಪೋ. ೩೦ ವರ್ಷಗಳ ತರುವಾಯ, ೧೯೯೮ರಲ್ಲಿ, ಅದೇ ಕುಲದ ‘ವಾಯೇಜರ್’ ಎಂಬ ಧಾರಾವಾಹಿಯ ಹುಟ್ಟನ್ನು ಕುರಿತು ಇನ್ನೊಂದು ಪುಸ್ತಕ ಬರೆದಾಗ ತನ್ನ ಸ್ವಂತ ಹೆಸರನ್ನೇ ಹಾಕಿಕೊಂಡ.

ಈಗ ನಮ್ಮ ಕಡೆಗೆ ತಿರುಗೋಣ. ೧೯೮೦ರ ದಶಕದಲ್ಲಿ ದೂರದರ್ಶನವು ‘ಸ್ಟಾರ್ ಟ್ರೆಕ್’ ತೋರಿಸಿದಾಗ ನಮ್ಮ ದೇಶದ ಎಷ್ಟೋ ಮನೆಗಳ ಮಕ್ಕಳು ಮೊದಲ ಸಲ ಎಂಟರ್‌ಪ್ರೈಸ್ ಹಡಗನ್ನು ಕಂಡರು. ೧೯೮೯ರಲ್ಲಿ ‘ಇಂದ್ರಧನುಷ್’, ೧೯೯೮ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಎಂದು ಹಿಂದಿಯಲ್ಲಿ ನಮ್ಮವೇ ಆದ ವಿಜ್ಞಾನಕಥೆಗಳೂ ಬಂದವು. ತಗಡು, ಥರ್ಮೊಕೋಲು, ಬಣ್ಣದ ದೀಪಗಳಲ್ಲಿ ಭವಿಷ್ಯವನ್ನು ಕಟ್ಟಿದ ಕೈಗಳು ಅಲ್ಲಿಯೂ ಇದ್ದುವಷ್ಟೆ. ಅವುಗಳ ಕಥೆ ಹೇಳುವ ದಪ್ಪ ಪುಸ್ತಕ ನನ್ನ ಕಪಾಟನ್ನು ಇನ್ನೂ ಸೇರಿಲ್ಲ.

ನಕ್ಷತ್ರದ ಮಾತು ಬಿಡಿ, ನಮ್ಮ ನೆಲದ ಮೇಲೆಯೇ ಒಂದು ಕಲ್ಪಿತ ಊರನ್ನು ಕಟ್ಟಿದ ಉದಾಹರಣೆಯುಂಟು. ಬೀರೂರಿನಿಂದ ಶಿವಮೊಗ್ಗೆಗೆ ೧೯ನೆಯ ಶತಮಾನದ ಕೊನೆಯಲ್ಲಿ ಹಾಕಿದ ರೈಲು ಹಾದಿ ನಮ್ಮ ತರೀಕೆರೆಯ ಮೇಲೆ ಹಾಯುತ್ತದೆ. ಕರಿ ಕುರಿಮರಿಗಳ ನಾಲಿಗೆತೊಡಕಿನಿಂದ ನಾಡಿನ ಮಕ್ಕಳಿಗೆಲ್ಲ ಪರಿಚಿತವಾದ ನಮ್ಮೂರನ್ನು ದಾಟಿ, ಭದ್ರಾವತಿ, ಶಿವಮೊಗ್ಗ, ಕುಂಸಿಗಳನ್ನು ಹಿಂದಿಕ್ಕಿ ಅದೇ ಹಾದಿಯಲ್ಲಿ ತಾಳಗುಪ್ಪದ ಕಡೆಗೆ ಹೊರಟರೆ ಅರಸಾಳು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಅದೇ ಮಾಲ್ಗುಡಿ ನಿಲ್ದಾಣ! ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ತೆಗೆದಾಗ ಆಗುಂಬೆ ಮಾಲ್ಗುಡಿಯಾಯಿತು, ಅರಸಾಳು ಅದರ ರೈಲು ನಿಲ್ದಾಣವಾಯಿತು. ೧೯೮೬ರಲ್ಲಿ ಅದು ದೂರದರ್ಶನದಲ್ಲಿ ಬಂದಾಗ ಇಡೀ ದೇಶವೇ ಮಲೆನಾಡಿನ ಬೀದಿಯನ್ನು ತನ್ನ ಬಾಲ್ಯದ ಬೀದಿಯೆಂದು ನಂಬಿತು. ಇಲ್ಲದ ಊರನ್ನು ಇದೆಯೆನ್ನಿಸುವ ಕೆಲಸ, ಇಲ್ಲದ ಗ್ರಹವನ್ನು ಇದೆಯೆನ್ನಿಸುವುದಕ್ಕಿಂತ ಸುಲಭವೇನಲ್ಲ. ಗ್ರಹವನ್ನು ಕಂಡವರಿಲ್ಲ; ಊರನ್ನು ಎಲ್ಲರೂ ಕಂಡಿದ್ದಾರೆ, ತಪ್ಪು ಹಿಡಿಯುತ್ತಾರೆ. ಅದೂ ಮಳೆಗೆ ಹೆಸರಾದ ಆಗುಂಬೆಯಲ್ಲಿ!

ಆ ಧಾರಾವಾಹಿಯ ಕಲಾನಿರ್ದೇಶಕರಾಗಿದ್ದವರು ಶಿಲ್ಪಿ ಜಾನ್ ದೇವರಾಜ್. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ೨೦೨೦ರಲ್ಲಿ ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದಾಗ ಅದನ್ನು ರೂಪಿಸಿದವರೂ ಅವರೇ. ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತ ನಡೆದರೆ ಇಟ್ಟಿಗೆಯಲ್ಲಿ ಕಟ್ಟಿದ ಕಾಫಿ ಮೇಜಿನ ಪುಸ್ತಕದ ಪುಟಗಳನ್ನು ಮಗುಚಿದಂತಾಗುತ್ತದೆ. ಆದರೆ ಈ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವರಾಗಿದ್ದ ಶಂಕರ್ ನಾಗ್ ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ೩೫ ವರ್ಷ. ಅಣ್ಣ ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದು ತಮ್ಮನನ್ನು ಉಳಿಸಿಕೊಟ್ಟಿದ್ದಾರೆ. ತಮ್ಮನ ಜೊತೆ ಮಳೆಯಲ್ಲಿ ನಿಂತು ದೀಪ ಹಿಡಿದವರು, ಬಟ್ಟೆ ಹೊಲಿದವರು, ಬೋರ್ಡು ಬರೆದವರು, ಎತ್ತಿನ ಗಾಡಿ ಹೊಂದಿಸಿದವರು, ಇವರಿಗೆ ಅಣ್ಣಂದಿರು ಬೇಕಾಗಿದ್ದಾರೆ.

ನಮ್ಮೂರಿನಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು ಹರೆಯದಲ್ಲಿ ಕಂಪನಿ ನಾಟಕಗಳಲ್ಲಿ ಸೀನು ಕಟ್ಟುವ ಕೆಲಸ ಮಾಡಿದವರು. ಒಮ್ಮೆ ಎಂಟರ್‌ಪ್ರೈಸ್ ಹಡಗಿನ ಚಿತ್ರಗಳಿದ್ದ ಪುಸ್ತಕವೊಂದನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಹತ್ತಾರು ಪುಟ ಮಗುಚಿ ನೋಡಿದರು. ಇಂಗ್ಲಿಷು ಬಾರದು, ಆದರೆ ಕಣ್ಣು ಚುರುಕು.

‘ಅಲ್ಲಪ್ಪಾ, ಎಲ್ಲಾ ಚಿತ್ರದಲ್ಲೂ ಹಡಗಿನ ಬಲಮಗ್ಗುಲೇ ಐತಲ್ಲ. ಎಡಮಗ್ಗುಲಿಗೆ ಬಣ್ಣ ಬಳಿದಿಲ್ವೇನು?’ ಎಂದರು.

ನಾನು ಬೆರಗಾದೆ. ಸುಮಾರು ೧೧ ಅಡಿ ಉದ್ದದ ಆ ಮಾದರಿಯ ಎಡಪಕ್ಕದಿಂದ ದೀಪದ ತಂತಿಗಳನ್ನು ಒಳಕ್ಕೆ ತೂರಿಸಿದ್ದರು. ಆ ಪಕ್ಕವನ್ನು ಅಲಂಕರಿಸಿರಲಿಲ್ಲ, ಚಿತ್ರ ತೆಗೆಯುತ್ತಿದ್ದುದು ಬಲಪಕ್ಕದಿಂದಲೇ. ಈಗ ಆ ಮಾದರಿ ವಾಷಿಂಗ್ಟನ್ನಿನ ವಿಮಾನ-ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿದೆ.

‘ಹೌದು ಯಜಮಾನ್ರೆ, ಎಡಮಗ್ಗುಲಲ್ಲಿ ಬರೀ ತಂತಿ. ನಿಮಗೆ ಹೆಂಗೆ ಗೊತ್ತಾಯ್ತು?’

‘ನಮ್ಮ ಕೃಷ್ಣನ ರಥಕ್ಕೂ ಒಂದೇ ಮಗ್ಗುಲಿಗೆ ಬಣ್ಣ. ಜನ ಕೂರೋದು ಒಂದೇ ಕಡೆ. ಇನ್ನೊಂದು ಮಗ್ಗುಲಲ್ಲಿ ನಾವು ಇಬ್ರು ಬಗ್ಗಿಕೊಂಡು ತಳ್ತಿದ್ವಿ’ ಎಂದು ನಕ್ಕರು. ಅನಂತರ ಒಂದು ಗಂಟೆ ಮಾತು. ಬೆಂಕಿಯ ದೃಶ್ಯಕ್ಕೆ ಪಂಜಿನ ಮೇಲೆ ರಾಳದ ಪುಡಿ ಎರಚುವ ಅಳತೆ, ಗುಡುಗಿಗೆ ತಗಡನ್ನು ಅಲುಗಿಸುವ ಹದ, ಮೇಲಿನಿಂದ ಇಳಿಯುವ ದೇವರಿಗೆ ಹಗ್ಗ ಕಟ್ಟುವ ಗಂಟು, ಎಲ್ಲವೂ ಅವರ ಬೆರಳ ತುದಿಯಲ್ಲಿ ಇನ್ನೂ ಇದ್ದವು. ನಾನು ಬರೆದುಕೊಂಡದ್ದು ಎಂಟು ಪುಟ.

ಗುಬ್ಬಿ ವೀರಣ್ಣನವರು ೧೯೩೦ರ ದಶಕದಲ್ಲಿ ‘ಕುರುಕ್ಷೇತ್ರ’ ನಾಟಕವನ್ನಾಡಿಸಿದಾಗ ಆನೆ ಕುದುರೆಗಳನ್ನು ರಂಗಕ್ಕೆ ತಂದರೆಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅವರ ಆತ್ಮಕಥೆ ‘ಕಲೆಯೇ ಕಾಯಕ’ ನಮಗಿದೆ. ಆ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರ ಆತ್ಮಕಥೆಯೂ ಇದೆ. ಯಜಮಾನರ, ನಟರ, ನಿರ್ದೇಶಕರ ಕಥೆ ನಮ್ಮಲ್ಲಿ ತಕ್ಕಮಟ್ಟಿಗೆ ಬರೆಯಲ್ಪಟ್ಟಿದೆ. ಆ ಆನೆಯನ್ನು ಹಲಗೆಯ ರಂಗಕ್ಕೆ ಹತ್ತಿಸಲು ಏನು ಉಪಾಯ ಮಾಡಿದರು, ಹಲಗೆಯ ಕೆಳಗೆ ಯಾವ ತೊಲೆ ಕೊಟ್ಟರು, ಆ ತೊಲೆಯನ್ನು ಆರಿಸಿದ ಬಡಗಿ ಯಾರು? ಇದನ್ನು ಬರೆದಿಡುವುದು ಆಗಲೂ ಕಷ್ಟವಿರಲಿಲ್ಲ; ಕೇಳುವವರು ಬೇಕಾಗಿತ್ತು.

ಪಶ್ಚಿಮದವರ ಬಳಿ ಹಣವಿತ್ತು, ಮಿರುಗು ಕಾಗದವಿತ್ತು, ಅದಕ್ಕೇ ಅವರಲ್ಲಿ ಇಂಥ ಪುಸ್ತಕಗಳಾದವು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ೧೯೬೮ರ ಪುಸ್ತಕ ಅಗ್ಗದ ಕಾಗದದ್ದು. ೧೯೭೨ರದು ಮಕ್ಕಳ ಕೈಪುಸ್ತಕ. ಅಷ್ಟು ದೊಡ್ಡ ಬಿ.ಬಿ.ಸಿ. ಅಳಿಸಿದ್ದನ್ನು ಉಳಿಸಿದ್ದು ಟೇಪ್ ರಿಕಾರ್ಡರಿನ ಹುಡುಗರು ಮತ್ತು ಹೊಟ್ಟೆಪಾಡಿನ ಛಾಯಾಗ್ರಾಹಕ. ಮಿರುಗು ಕಾಗದ ಆಮೇಲೆ ಬಂದಿತು, ಮೊದಲು ಬಂದದ್ದು ಕುತೂಹಲ. ಸ್ಟುಡಿಯೋದ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕದೆ ಕಟ್ಟಿಟ್ಟರು. ರಾಡನ್‌ಬೆರಿ, ಜಸ್ಟ್‌ಮನ್ನರ ಕಾಗದಪತ್ರಗಳು ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯವೊಂದರ ಗ್ರಂಥಭಂಡಾರ ಸೇರಿ, ಇಂದಿನ ಸಂಶೋಧಕರಿ‌ಗೂ ಒದಗುತ್ತಿವೆ.

ನಮ್ಮ ಧಾರಾವಾಹಿಗಳ, ಚಿತ್ರಗಳ, ನಾಟಕಗಳ ಬಣ್ಣದ ಮನೆಯಲ್ಲಿ ಬಾಳಿದವರು ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಆಗುಂಬೆಯ ಮನೆಗಳಲ್ಲಿ, ತೀರ್ಥಹಳ್ಳಿಯ ಅಂಗಡಿಗಳಲ್ಲಿ, ಬೆಂಗಳೂರಿನ ಯಾವುದೋ ಓಣಿಯಲ್ಲಿ, ಪ್ರಾಯಶಃ ಈ ಪತ್ರಿಕೆಯನ್ನು ಓದುತ್ತಿರುವವರ ಮನೆಯ ನಡುಮನೆಯಲ್ಲಿಯೇ ಒಬ್ಬರು ಕುಳಿತಿರಬಹುದು. ಅವರನ್ನು ಕೇಳುವುದಕ್ಕೆ ವಿಶ್ವವಿದ್ಯಾನಿಲಯದ ಪದವಿ ಬೇಡ. ಏನನ್ನು ಮಾಡಿದಿರಿ, ಯಾವುದರಿಂದ ಮಾಡಿದಿರಿ, ಎಷ್ಟು ಖರ್ಚಾಯಿತು, ಜೊತೆಗೆ ಯಾರಿದ್ದರು ಎಂಬ ನಾಲ್ಕು ಪ್ರಶ್ನೆ ಸಾಕು. ಹೇಳಿದವರ ಹೆಸರು, ಊರು, ತಾರೀಕುಗಳನ್ನು ಪುಟದ ಮೇಲ್ಗಡೆ ಬರೆದು, ಹಳೆಯ ಫೋಟೋ ಇದ್ದರೆ ಅದರ ಹಿಂದೆ ಯಾರು ಯಾರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟರೆ ಮುಂದೆ ಪುಸ್ತಕ ಮಾಡುವವನಿಗೆ ಅರ್ಧ ಕೆಲಸ ಮುಗಿದಂತೆ. ದಪ್ಪ ಹೊದಿಕೆ, ಬಣ್ಣದ ಅಚ್ಚು, ಅದನ್ನಿಡುವ ಮೇಜು ಇವೆಲ್ಲ ಆಮೇಲೆ ನೋಡಿಕೊಳ್ಳಬಹುದು. ಸದ್ಯಕ್ಕೆ ಒಂದು ನೋಟುಬುಕ್ಕು ಸಾಕು. ಹಿರಿಯರ ಕೈಗೊಂದು ಲೋಟ ಕಾಫಿ ಕೊಟ್ಟು ಎದುರಿಗೆ ಕುಳಿತರೆ ಮಾತು ತಾನಾಗಿ ಬರುತ್ತದೆ.